ಆ ಹಳೆ ಐ5 ಸಾಕು, ರೊಕ್ಕ ಬೇರೆ ಕಡೆ ಹಾಕಿರಿ

ಹೈಸ್ಕೂಲಿನ 6,000 ಪುಸ್ತಕಕ್ಕೆ ಕೋಹಾ (ಲೈಬ್ರರಿ ನಡೆಸುವ ಉಚಿತ ಸಾಫ್ಟ್‌ವೇರ್) ಹಾಕಬೇಕು, 2012ರ ಐ5 ಕಂಪ್ಯೂಟರೊಂದು ಮೂಲೆಯಲ್ಲಿದೆ, ಅಂಗಡಿಯವರು ಒಂದೂವರೆ ಲಕ್ಷದ ಸರ್ವರೇ ಬೇಕು ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಆ ಐ5 ಧಾರಾಳ ಸಾಕು. ನಾನು ವಿಜಯಪುರದ ಕಾಲೇಜೊಂದರ ಲೈಬ್ರರಿ ನೋಡಿಕೊಳ್ಳುತ್ತೇನೆ. ಅಂಥದ್ದೇ ಯಂತ್ರಕ್ಕೆ ಡೆಬಿಯನ್ ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ ಕೋಹಾ ನಡೆಸುತ್ತಿದ್ದೇವೆ, ಇದು ಐದನೇ ವರ್ಷ. ಕೌಂಟರಿನಲ್ಲಿ ಇಬ್ಬರು, ಹುಡುಕುವವರು ನಾಲ್ಕು ಮಂದಿ. ಇಷ್ಟಕ್ಕೆ ಪ್ರೊಸೆಸರ್ ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತದೆ. ರ‍್ಯಾಮ್ ಮಾತ್ರ 8 ಜಿಬಿ ಮಾಡಿಸಿರಿ. 2025ರಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಕಂಪ್ಯೂಟರಿಗೆ ಹಾಕಲು ಬರುವುದಿಲ್ಲ, ನಿಮ್ಮ ಐ5 64 ಬಿಟ್ಟಿನದು, ಚಿಂತೆಯಿಲ್ಲ.

ನಮ್ಮನ್ನು ಕೆಡವಿದ್ದು ಕರೆಂಟು. ಒಂದು ಮೇ ತಿಂಗಳ ಮಧ್ಯಾಹ್ನ ಎರಡು ಸಲ ಹೋಗಿ ಬಂತು. ಮತ್ತೆ ಆನ್ ಮಾಡಿದರೆ ಹಾರ್ಡ್‌ಡಿಸ್ಕಿನಿಂದ ಟಕ್, ಟಕ್ ಸಪ್ಪಳ ಅಷ್ಟೇ. ಕೋಹಾ ದಿನಾ ತಾನೇ ಬ್ಯಾಕಪ್ ತೆಗೆಯುತ್ತದೆ, ಖರೆ. ಆದರೆ ಅದನ್ನು ಇಡುವುದು ಅದೇ ಕಂಪ್ಯೂಟರಿನ /ವಾರ್/ಸ್ಪೂಲ್/ಕೋಹಾ ಫೋಲ್ಡರಿನಲ್ಲಿ. ಡಿಸ್ಕಿನ ಜೊತೆ ಅದೂ ಹೋಯಿತು. ಪೆನ್‌ಡ್ರೈವಿನಲ್ಲಿದ್ದದ್ದು 18 ದಿನ ಹಿಂದಿನದು. ಉಳಿದದ್ದನ್ನು ಕಾಗದದ ರಿಜಿಸ್ಟರ್ ನೋಡಿ ಟೈಪ್ ಮಾಡಿದೆವು. ಆ ಗದ್ದಲದಲ್ಲಿ, ಪುಸ್ತಕ ವಾಪಸ್ ಕೊಟ್ಟಿದ್ದ ಹುಡುಗಿಯೊಬ್ಬಳಿಗೆ ಬಾಕಿ ಇದೆ ಅಂತ ನೋ-ಡ್ಯೂ ಕೊಡದೆ ಕಳಿಸಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಮೊದಲು ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್), ಬಳಿಕ ಕಂಪ್ಯೂಟರನ್ನು ತಾನೇ ಸರಿಯಾಗಿ ಬಂದ್ ಮಾಡಿಸುವಂಥ, ಯುಎಸ್‌ಬಿ ವೈರ್ ಇರುವ ಯುಪಿಎಸ್. ದಿನದ ಬ್ಯಾಕಪ್ ಆರ್‌ಸಿಂಕ್ ಎಂಬ, ಫೈಲ್ ನಕಲು ಮಾಡುವ ಪ್ರೋಗ್ರಾಮಿನಿಂದ ಬೇರೆ ಕೋಣೆಯ ಕಂಪ್ಯೂಟರಿಗೆ ಹೋಗಲಿ. ತಿಂಗಳಿಗೊಮ್ಮೆ ಅದನ್ನು ಅಲ್ಲಿ ತೆರೆದು, ನಿನ್ನೆ ಕೊಟ್ಟ ಪುಸ್ತಕ ಕಾಣುತ್ತದೋ ಇಲ್ಲೋ ನೋಡಿರಿ.

ದುಬಾರಿ ಸರ್ವರಿಗೆ ಅದರದೇ ಬೆಲೆ ಇದೆ. ರ‍್ಯಾಮಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಒಂದು ಪವರ್ ಸಪ್ಲೈ ಸುಟ್ಟರೂ ಇನ್ನೊಂದರ ಮೇಲೆ ನಡೆಯುತ್ತದೆ. ನೂರಾರು ಮಂದಿ ಒಮ್ಮೆಲೇ ಬಳಸುವ ಕಡೆ, ನಿಲ್ಲಲೇಬಾರದ ಕಡೆ ಅದೇ ಬೇಕು. ನಿಮ್ಮ ಲೈಬ್ರರಿ ಅರ್ಧ ದಿನ ನಿಂತರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳಬಹುದು. ಹಳೆಯದಕ್ಕೆ ಕರೆಂಟ್ ಖರ್ಚು ಉಂಟು: 50 ವ್ಯಾಟ್ ಎಳೆಯುವ ಯಂತ್ರ ಹಗಲು-ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. ರಾತ್ರಿ ಬಂದ್ ಮಾಡಿರಿ.

ಶುರು ಮಾಡುವ ಮೊದಲು ಡಬ್ಬಿ ಬಿಚ್ಚಿರಿ. ನಮ್ಮದರಲ್ಲಿ ಎರೆ ಮಣ್ಣಿನ ಧೂಳು ಫ್ಯಾನಿನ ಕೆಳಗೆ ಕಂಬಳಿಯಂತೆ ಹೆಪ್ಪುಗಟ್ಟಿತ್ತು, ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್2032, ಅದನ್ನೂ ಬದಲಿಸಿರಿ. ಅದು ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಮಕ್ಕಳ ಪುಸ್ತಕದ ವಾಪಸಾತಿ ತಾರೀಖು ಎಲ್ಲ ತಪ್ಪು ಬೀಳುತ್ತದೆ.