ಮೊಜಾರ್ಟ್‌ನ ‘ಆವೆ ವೆರುಮ್ ಕೊರ್ಪುಸ್’ ಎಂಬ ಲ್ಯಾಟಿನ್ ಸ್ತುತಿಗೀತೆ ಹೊಸ ಕ್ವೈರ್‌ಗೆ (ಚರ್ಚಿನ ಗಾಯನ ತಂಡಕ್ಕೆ) ಸುಲಭವೇ? ಆರ್ಗನ್ ಇಲ್ಲದೆ ಹಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿರುವ ‘ಸುಲಭ’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ನಮ್ಮ ಧರ್ಮಕೇಂದ್ರದ ಕ್ವೈರ್ ನನ್ನ ಕೈಗೆ ಬಂದಾಗ ನಾನೂ ಹೀಗೆಯೇ ಎಣಿಸಿದ್ದೆ: ಒಟ್ಟು 46 ಬಾರ್ (ತಾಳದ ಆವರ್ತಗಳು), ಡಿ ಮೇಜರ್ ಸ್ವರಶ್ರೇಣಿ, ನಾಲ್ಕು ಧ್ವನಿಗಳಲ್ಲಿ ಯಾವುದಕ್ಕೂ ವೇಗದ ಸ್ವರಗಳಿಲ್ಲ. 1791ರ ಜೂನ್‌ನಲ್ಲಿ ಮೊಜಾರ್ಟ್ ಇದನ್ನು ವಿಯೆನ್ನಾ ಬಳಿಯ ಬಾಡೆನ್ ಊರಿನ ಚರ್ಚಿನ ಕ್ವೈರ್ ನಡೆಸುತ್ತಿದ್ದ ಗೆಳೆಯ ಆಂಟೋನ್ ಸ್ಟೋಲ್‌ಗಾಗಿ ಬರೆದುಕೊಟ್ಟನಾದ್ದರಿಂದ, ಸಣ್ಣ ಊರಿನ ಹಾಡುಗಾರರಿಗೆ ಆದದ್ದು ನಮಗೂ ಆದೀತೆಂಬ ಧೈರ್ಯವಿತ್ತು.

ತಂತಿವಾದ್ಯಗಳೂ ಆರ್ಗನ್ನೂ ಬಹುಪಾಲು ಧ್ವನಿಗಳ ಜೊತೆಯಲ್ಲೇ ಸಾಗುವುದನ್ನು ನೋಡಿ, ಅವು ಅನಗತ್ಯವೆಂದು ನಾನು ತೀರ್ಮಾನಿಸಿದೆ. ಹಾಡುವಾಗ ಆರ್ಗನ್ ಸುಮ್ಮನಿರಲಿ, ನಡುವಿನ ಪುಟ್ಟ ವಾದ್ಯಭಾಗವನ್ನು ಮಾತ್ರ ನುಡಿಸಲಿ ಎಂದೆ. ಕೆಟ್ಟದ್ದು ಅಲ್ಲಿಯೇ. ಆರಂಭದಲ್ಲಿ ಮೊಜಾರ್ಟ್ ‘ಸೊತ್ತೊ ವೊಚೆ’ ಎಂದು, ಅಂದರೆ ತಗ್ಗಿದ ದನಿಯಲ್ಲಿ ಹಾಡಬೇಕೆಂದು, ಸೂಚಿಸಿದ್ದಾನೆ. ಆದರೆ ಪಳಗದವರು ದನಿ ತಗ್ಗಿಸುವಾಗ ಉಸಿರಿನ ಆಸರೆಯನ್ನೂ ಸಡಿಲಿಸುತ್ತಾರೆ, ಆಗ ಪ್ರತಿ ಸಾಲಿನ ಕೊನೆಗೂ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ. ಅಭ್ಯಾಸದಲ್ಲಿ ಇದು ನನ್ನ ಕಿವಿಗೆ ಬೀಳಲೇ ಇಲ್ಲ, ಏಕೆಂದರೆ ಸಾಲುಗಳನ್ನು ಬಿಡಿಬಿಡಿಯಾಗಿ ಕಲಿಸುತ್ತ, ಪ್ರತಿ ಸಾಲಿಗೂ ಕೀಬೋರ್ಡಿನಿಂದ ಹೊಸದಾಗಿ ಸ್ವರ ಕೊಡುತ್ತಿದ್ದೆ. ಇಳಿದದ್ದೆಲ್ಲ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು. ತಂಬೂರಿಯನ್ನು ಆಗಾಗ ಮೀಟಿ ಬದಿಗಿಟ್ಟು ಪಾಠ ಮಾಡಿದಂತಾಯಿತು.

ಪರಮಪ್ರಸಾದದ ಹಬ್ಬದ ಬಲಿಪೂಜೆಯಲ್ಲಿ ‘ಪ್ರೊ ಹೊಮಿನೆ’ ಎಂಬ ಸಾಲು ಮುಗಿದು ಆರ್ಗನ್ ಎ ಮೇಜರ್‌ನಲ್ಲಿ ಮೊಳಗಿದಾಗ ನಾವು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿದ್ದೆವು. ಮುಂದಿನ ‘ಕುಯುಸ್ ಲಾತುಸ್’ ಸಾಲಿಗೆ ಕೆಲವರು ಆರ್ಗನ್‌ನ ಶ್ರುತಿ ಹಿಡಿದರು, ಕೆಲವರು ತಮ್ಮದನ್ನೇ ಬಿಡಲಿಲ್ಲ. ಕ್ರಿಸ್ತನ ಇರಿದ ಪಕ್ಕೆಯನ್ನು ಹೇಳುವ ಈ ಭಾಗದಲ್ಲಿ ಸಂಗೀತ ಎಫ್ ಮೇಜರ್‌ನ ಕಡೆಗೆ ಹೊರಳುತ್ತದೆ, ಅದುವರೆಗಿನ ಸಿ ಶಾರ್ಪ್ ಅರ್ಧ ಸ್ವರ ಜಾರಿ ಸಿ ಆಗುತ್ತದೆ. ಇಡೀ ಕೃತಿಯ ನೋವು ಆ ಜಾರುವಿಕೆಯಲ್ಲಿದೆ. ಶ್ರುತಿ ಮೊದಲೇ ಇಳಿದಿದ್ದರೆ ಅದು ಕೇಳುವುದೇ ಇಲ್ಲ. ಆಮೇಲೆ ‘ಎಸ್ತೊ ನೋಬಿಸ್’ ಎಂದು ಹೆಂಗಸರು ಎತ್ತಿಕೊಂಡದ್ದನ್ನು ಗಂಡಸರು ತುಸು ತಡವಾಗಿ ಅನುಸರಿಸಬೇಕಿತ್ತು. ಗಂಡಸರಲ್ಲಿ ಮೇಲಿನ ದನಿ ಹಾಡುವ ಟೆನರ್‌ಗಳು ಬಾಯಿಯನ್ನೇ ತೆರೆಯಲಿಲ್ಲ.

ವಾದ್ಯವಿಲ್ಲದೆಯೇ ಹಾಡಬೇಕೆಂಬ ಹಟವಿದ್ದರೆ ಇದೇ ಪಠ್ಯಕ್ಕೆ ಇಂಗ್ಲೆಂಡಿನ ಸಂಗೀತಕಾರ ವಿಲಿಯಂ ಬರ್ಡ್ 1605ರಲ್ಲಿ ಪ್ರಕಟಿಸಿದ ನಾಲ್ಕು ಧ್ವನಿಗಳ ಕೃತಿಯಿದೆ, ಆದರೆ ಹೊಸಬರಿಗೆ ಅದನ್ನು ನಾನು ಹೇಳಲಾರೆ. ಮೊಜಾರ್ಟ್‌ನನ್ನೇ ಹಾಡಿ, ಆರ್ಗನ್ ಇರಲಿ. ನಿಮ್ಮ ಆರ್ಗನ್ ನುಡಿಸುವವರಿಗೆ ಅಳುಕಿದ್ದರೆ ಎಡಗೈಯ ಬಾಸ್ ಸಾಲನ್ನಷ್ಟೇ ಮೊದಲ ಬಾರ್‌ನಿಂದ ಕೊನೆಯವರೆಗೆ ನುಡಿಸಲಿ. ಎರಡನೆಯ ವಾರದಿಂದಲೇ ಇಡೀ ಕೃತಿಯನ್ನು ನಿಲ್ಲಿಸದೆ ಹಾಡಿಸಿ, ಶ್ರುತಿ ಇಳಿದಿದೆಯೇ ಎಂದು ಕೊನೆಯ ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ ನೋಡಿ.