ರೆಸಿಪಿಗೆ ಹತ್ತಕ್ಕೆ ಎಷ್ಟು? – ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ರಾತ್ರಿಯೂಟದ ಸುತ್ತಲೇ ಇವೆ. ಉತ್ತರಗಳಲ್ಲಿ ಕಪ್ ಎಂದರೆ 240 ಮಿಲಿ, ದೊಡ್ಡ ಚಮಚ 15 ಮಿಲಿ, ಸಣ್ಣ ಚಮಚ 5 ಮಿಲಿ. ಗುಡ್ಡೆ ಮಾಡದೆ ಮಟ್ಟಸವಾಗಿ ಅಳೆಯಿರಿ. ಮನೆಯ ಸ್ಟೀಲ್ ಲೋಟ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ನೀರು ತುಂಬಿ ತೂಗಿ ನೋಡಿ. ನೀರಿನ ಗ್ರಾಮೇ ಮಿಲಿ.

ನಾವು ಮೂವರು ಓರಗಿತ್ತಿಯರು ಪ್ರತಿ ಭಾನುವಾರ ರಾತ್ರಿ ಒಂದು ಹೊಸ ರೆಸಿಪಿ ಮಾಡಿ ಹತ್ತಕ್ಕೆ ಅಂಕ ಹಾಕುತ್ತೇವೆ. ಎರಡು ತಿಂಗಳಾಯ್ತು, ಎಲ್ಲದಕ್ಕೂ ಏಳೂವರೆ, ಎಂಟೇ ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ? – ಹಾಸನ

ಮಾಡಿದವರ ಎದುರಿಗೇ ಕೂತು ಅಂಕ ಹಾಕುತ್ತಿದ್ದೀರಿ. ಬೆವರೊರೆಸಿಕೊಳ್ಳುತ್ತಾ ಬಡಿಸಿದವರು ಪಕ್ಕದಲ್ಲೇ ನಿಂತಿರುವಾಗ ಐದು ಹಾಕಲು ಯಾರಿಗೆ ಮನಸ್ಸು ಬಂದೀತು? ಮಾತಾಡುವ ಮೊದಲೇ ಎಲ್ಲರೂ ಚೀಟಿಯಲ್ಲಿ ಬರೆದಿಡಿ. ಮಾಡಿದವರು ರುಚಿಯ ಅಂಕ ಹಾಕುವುದು ಬೇಡ, ಒಲೆ ಮುಂದೆ ಹತ್ತು ಸಲ ಸೌಟು ನೆಕ್ಕಿದ ನಾಲಿಗೆಗೆ ಆ ಹೊತ್ತಿಗೆ ಏನೂ ಗೊತ್ತಾಗದು.

ಇನ್ನೊಂದು ತಪ್ಪು, ಹತ್ತೂ ಅಂಕವನ್ನು ರುಚಿಗೇ ಕೊಡುತ್ತಿರುವುದು. ರುಚಿಗೆ 4 ಸಾಕು. ಬರೆದ ಹಾಗೆ ಮಾಡಿದರೆ ಬರೆದ ಹಾಗೆ ಬರುತ್ತದೆಯೇ ಎಂಬುದಕ್ಕೆ 3. ಹೇಳಿದ ಹೊತ್ತಿನಲ್ಲಿ ಮುಗಿಯಿತೇ, ಹೆಚ್ಚುವುದು, ರುಬ್ಬುವುದು, ಪಾತ್ರೆ ತೊಳೆಯುವುದು ಸೇರಿಸಿ ನೋಡಿದರೆ ಆ ಶ್ರಮಕ್ಕೆ ಬೆಲೆ ಬಂತೇ ಎಂಬುದಕ್ಕೆ 2. ಉಳಿದ 1 ಮಾರನೇ ಬೆಳಗಿನದು, ಮಿಕ್ಕಿದ್ದನ್ನು ಯಾರಾದರೂ ಕೇಳಿ ಹಾಕಿಸಿಕೊಂಡರೆ ಕೊಡಿ.

ಮೊದಲ ಸಲ ಅಕ್ಷರಶಃ ಬರೆದಂತೆಯೇ ಮಾಡಿ. ‘ಬೆಳ್ಳುಳ್ಳಿ ಇನ್ನೆರಡು ಎಸಳು ಇರಲಿ’ ಎಂದು ಹಾಕಿದಿರೋ, ಅಲ್ಲಿಂದ ನೀವು ಅಂಕ ಹಾಕುತ್ತಿರುವುದು ನಿಮ್ಮ ಕೈಗುಣಕ್ಕೆ, ರೆಸಿಪಿಗಲ್ಲ. ಎರಡನೇ ಸಲ ಬೇರೊಬ್ಬರು ಮಾಡಲಿ, ಮೊದಲು ಮಾಡಿದವರು ಅಡುಗೆಮನೆಗೆ ಕಾಲಿಡದಿರಲಿ. ಎರಡೂ ಸಲ ಒಂದೇ ಹದ ಬಂದರಷ್ಟೇ ಆ ನಡುವಿನ 3 ಅಂಕ ಪೂರ್ತಿ ಕೊಡಿ. ನಮ್ಮ ಲೆಕ್ಕದಲ್ಲಿ ಒಂದೇ ಸಲ ಮಾಡಿದ ರೆಸಿಪಿಗೆ ಅಂಕವೇ ಇಲ್ಲ.

ಎರಡು ರೆಸಿಪಿ ಹೋಲಿಸುವುದಾದರೆ ಸಾರಿಗೆ ಸಾರು, ಪಲಾವಿಗೆ ಪಲಾವು. ಒಂದೇ ದಿನ, ಒಂದೇ ಬಿಸಿಯಲ್ಲಿ. ಹಸಿದಾಗ ಮೊದಲು ಬಾಯಿಗೆ ಬಿದ್ದದ್ದೇ ರುಚಿ ಅನ್ನಿಸುವುದರಿಂದ ಒಬ್ಬರು ಎಡದ ಬಟ್ಟಲಿಂದ ಶುರು ಮಾಡಿದರೆ ಇನ್ನೊಬ್ಬರು ಬಲದ್ದರಿಂದ ಮಾಡಲಿ. ನಡುವೆ ಎರಡು ತುತ್ತು ಬಿಳಿ ಅನ್ನ ತಿನ್ನಿ. ಉಪ್ಪನ್ನಂತೂ ತೂಗಿಯೇ ಹಾಕಬೇಕು. ಒಂದರಲ್ಲಿ ಚೂರು ಉಪ್ಪು ಮುಂದಿದ್ದರೆ ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ, ನಾವು ಮಾತ್ರ ಅದನ್ನು ಮಸಾಲೆಯ ಗುಣ ಎಂದುಕೊಳ್ಳುತ್ತೇವೆ. ಒಂದು ಲೀಟರ್ ಸಾರಿಗೆ 8ರಿಂದ 9 ಗ್ರಾಂ ಪುಡಿ ಉಪ್ಪು, ಅಂದರೆ ಸುಮಾರು ಒಂದೂವರೆ ಸಣ್ಣ ಚಮಚ. ಹರಳಿನ ನಡುವೆ ಸಂದು ಇರುವುದರಿಂದ ಕಲ್ಲುಪ್ಪಿಗೆ ಚಮಚದ ಲೆಕ್ಕ ನಡೆಯದು, ತಕ್ಕಡಿಯೇ ಬೇಕು.

ಎಂಟಕ್ಕೆ ಅರ್ಥವನ್ನೂ ನಿಗದಿ ಮಾಡಿ. ‘ಮುಂದಿನ ವಾರ ಮತ್ತೆ ಮಾಡೋಣ’ ಅನ್ನಿಸಿದರೆ ಎಂಟು. ‘ಚೆನ್ನಾಗಿತ್ತು, ಆದ್ರೆ ಮತ್ತೆ ಬೇಡ’ ಅನ್ನಿಸಿದರೆ ಐದು.

ಬಿಸಿಬೇಳೆಬಾತು ಒಲೆ ಮೇಲಿದ್ದಾಗ ಸರಿಯಾಗೇ ಇರುತ್ತೆ, ಎಲೆಗೆ ಹಾಕುವ ಹೊತ್ತಿಗೆ ಬರ್ಫಿ ಥರ ಕತ್ತರಿಸಬೇಕು. ರೆಸಿಪಿಯಲ್ಲಿ ಅಕ್ಕಿ, ಬೇಳೆ, ತರಕಾರಿ, ಹುಣಸೆರಸ, ಪುಡಿ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಒಂದಕ್ಕೆ ಎರಡೂವರೆ ನೀರು ಎಂದಿದೆ. ಬೇಳೆಯೂ ಕಾಳುಕಾಳಾಗೇ ಉಳಿಯುತ್ತೆ. – ಬೆಂಗಳೂರು

ಒಂದೇ ರೆಸಿಪಿಯಲ್ಲಿ ಎರಡು ಬೇರೆ ಬೇರೆ ತಪ್ಪು. ಹುಳಿ ಸೇರಿದ ನೀರಿನಲ್ಲಿ ಬೇಳೆ ಕರಗದು. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸಡಿಲಗೊಳ್ಳುವುದು ಬಲು ನಿಧಾನ. ಅಕ್ಕಿಗೆ ಆ ತೊಂದರೆಯಿಲ್ಲ, ಹಾಗಾಗಿ ಅಕ್ಕಿ ಗಂಜಿಯಾಗುತ್ತದೆ, ಬೇಳೆ ಕಾಳಾಗಿ ಉಳಿಯುತ್ತದೆ. ಇನ್ನು ಗಟ್ಟಿಯಾಗುವುದು ಗಂಜಿಯ ಗುಣ. ಬೆಂದ ಅಕ್ಕಿ ಕೂತಲ್ಲೇ ನೀರು ಕುಡಿಯುತ್ತದೆ, ಆರುತ್ತಾ ಬಿಗಿಯುತ್ತದೆ.

ಆರು ಜನಕ್ಕೆ ಅಳತೆ ಹೀಗೆ. ಅಕ್ಕಿ 1 ಕಪ್, ತೊಗರಿಬೇಳೆ 1 ಕಪ್, ಚಿಟಿಕೆ ಅರಿಶಿನ, ಒಂದು ಸಣ್ಣ ಚಮಚ ಎಣ್ಣೆ, ನೀರು 5 ಕಪ್. 5 ಲೀಟರ್ ಕುಕ್ಕರಿನಲ್ಲಿ ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ 10 ನಿಮಿಷ, ಆಮೇಲೆ ಒತ್ತಡ ತಾನಾಗಿ ಇಳಿಯಲಿ. ಅಷ್ಟರಲ್ಲಿ ಬೇರೆ ಪಾತ್ರೆಯಲ್ಲಿ 350 ಗ್ರಾಂ ತರಕಾರಿ (ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿ) ಮುಕ್ಕಾಲು ಬೇಯಿಸಿಕೊಳ್ಳಿ. ಅದಕ್ಕೆ 30 ಗ್ರಾಂ ಹುಣಸೆಯನ್ನು ಒಂದೂವರೆ ಕಪ್ ನೀರಿನಲ್ಲಿ ಕಿವುಚಿದ ರಸ, ಪುಡಿ ಉಪ್ಪು 20 ಗ್ರಾಂ, ನೆಲ್ಲಿಕಾಯಿ ಗಾತ್ರದ ಬೆಲ್ಲ, ಬಾತಿನ ಪುಡಿ 3 ದೊಡ್ಡ ಚಮಚ ಹಾಕಿ 6 ನಿಮಿಷ ಕುದಿಸಿ. ಹುಣಸೆಯ ಹಸಿ ವಾಸನೆ ಹೋದದ್ದು ಮೂಗಿಗೆ ಗೊತ್ತಾಗಬೇಕು. ಆಮೇಲೆ ಬೆಂದ ಅಕ್ಕಿ–ಬೇಳೆಯನ್ನು ಸೇರಿಸಿ, ಒಂದೂವರೆ ಕಪ್ ಕುದಿಯುವ ನೀರು ಹಾಕಿ ಸಣ್ಣ ಉರಿಯಲ್ಲಿ 5 ನಿಮಿಷ ತಿರುವಿ. ತಣ್ಣೀರು ಹಾಕಿದರೆ ಅನ್ನ ಒಂದು ಕಡೆ, ರಸ ಒಂದು ಕಡೆ ನಿಲ್ಲುತ್ತದೆ. ತಳ ಹಿಡಿಯುವುದು ಇದೇ ಹಂತದಲ್ಲಿ, ಹಾಗಾಗಿ ಪಾತ್ರೆಯ ಕೆಳಗೊಂದು ಹಳೇ ತವಾ ಇಡಿ.

ಇಳಿಸುವಾಗ ಸೌಟಿನಿಂದ ದೋಸೆಹಿಟ್ಟಿನಂತೆ ಜಾರಬೇಕು. ‘ಅಯ್ಯೋ, ನೀರಾಯಿತಲ್ಲ’ ಅನ್ನಿಸುವುದೇ ಸರಿಯಾದ ಹದ, 20 ನಿಮಿಷ ಬಿಟ್ಟು ನೋಡಿ. ಒಗ್ಗರಣೆಯ ತುಪ್ಪ, ಗೋಡಂಬಿ ಬಡಿಸುವ ಮೊದಲು. ಪುಡಿಯನ್ನು ಮನೆಯಲ್ಲೇ ಹುರಿಯುವವರು ಕೊಬ್ಬರಿ, ಗಸಗಸೆಯನ್ನು ಕೊನೆಗೆ ಬರೀ ಬಾಣಲೆಯ ಕಾವಿನಲ್ಲಿ ಬಾಡಿಸಿ. ಮೆಂತ್ಯ ಕಪ್ಪಾದರೆ ಇಡೀ ಪಾತ್ರೆ ಕಹಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡಕ್ಕೊಂದರಂತೆ. ಬರೀ ಗುಂಟೂರು ಹಾಕಿದರೆ ಆ ಕೆಂಪು ಬಾರದು, ನಾಲಿಗೆ ಮಾತ್ರ ಉರಿದೀತು.

ನೀವು ಕಳಿಸಿದ ರೆಸಿಪಿಗೆ ಹತ್ತಕ್ಕೆ ನಾಲ್ಕು. ಅದರಲ್ಲೂ ಎರಡು, ಒಂದೇ ಪಾತ್ರೆ ತೊಳೆಯುವ ಸುಖಕ್ಕೆ.

ತೊಗರಿಯ ಕಣಜ ಎನಿಸಿಕೊಂಡ ಊರಿನಲ್ಲೇ ಇದ್ದೀವಿ, ಮನೆ ಬೇಳೆ ಐದು ವಿಷಲ್ ಹಾಕಿದರೂ ಬೇಯುತ್ತಿಲ್ಲ. ರೆಸಿಪಿ ತಪ್ಪೋ, ಬೇಳೆ ತಪ್ಪೋ? – ಕಲಬುರಗಿ

ವಿಷಲ್ ಎಣಿಸುವುದೇ ತಪ್ಪು. ದೊಡ್ಡ ಉರಿಯಲ್ಲಿ ಐದು ವಿಷಲ್ ನಾಲ್ಕೇ ನಿಮಿಷದಲ್ಲಿ ಹೊಡೆದು ಮುಗಿಯಬಹುದು, ಸಣ್ಣ ಉರಿಯಲ್ಲಿ ಅದೇ ಐದಕ್ಕೆ ಕಾಲು ಗಂಟೆ ಬೇಕಾದೀತು. ‘ಐದು ವಿಷಲ್’ ಎಂದಷ್ಟೇ ಬರೆದ ರೆಸಿಪಿಗೆ ಒಂದು ಅಂಕ ಕಳೆಯಿರಿ. 1 ಕಪ್ ಬೇಳೆಗೆ 3 ಕಪ್ ನೀರು, ಮೊದಲ ವಿಷಲ್ ನಂತರ ಸಣ್ಣ ಉರಿಯಲ್ಲಿ 10 ನಿಮಿಷ. ಬೇಳೆಯನ್ನು ಕುಕ್ಕರಿನೊಳಗೆ ಡಬ್ಬಿಯಲ್ಲಿಟ್ಟರೆ ಇನ್ನೂ 4–5 ನಿಮಿಷ ಸೇರಿಸಿ. ಬೇಳೆ ನೊರೆಯೇಳುವುದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ.

ಆಗಲೂ ಬೇಯದಿದ್ದರೆ ನೀರಿನ ಮೇಲೆ ಅನುಮಾನಪಡಿ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತವೆ. ಪಾತ್ರೆಯಲ್ಲಿ ಬಿಳಿ ಗಾರೆ ಕಟ್ಟುತ್ತಿದ್ದರೆ ಕಾರಣ ಇದೇ ಇರಬೇಕು. ಒಂದು ದಿನ ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ ನೋಡಿ. ಅದರಲ್ಲೂ ಹಾಗೇ ಉಳಿದರೆ ಬೇಳೆ ಹಳೆಯದು, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ ಹಾಕಿ. ಅಡುಗೆ ಸೋಡ ಹಾಕಿದರೆ ಮೆತ್ತಗಾಗುವುದು ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಕೈ ಜಾಸ್ತಿಯಾದರೆ ಸಾರಿಗೆ ಸೋಪಿನ ರುಚಿ ಬರುತ್ತದೆ.

ಎಲೆಕ್ಟ್ರಿಕ್ ಒಲೆಯಲ್ಲಿ ಮುದ್ದೆ ಪ್ರತಿ ಸಲ ಗಂಟು. ಊರಲ್ಲಿ ಅಮ್ಮ ಮಾಡುವ ಅಳತೆಯೇ, ಒಂದಕ್ಕೆ ಎರಡು ನೀರು. ಮುದ್ದೆ ಕೋಲೂ ಇಲ್ಲ. – ಜರ್ಮನಿಯಿಂದ, ಮಂಡ್ಯದವರು

ಅಮ್ಮನ ಅಳತೆ ಸರಿಯಾಗೇ ಇದೆ, ತೊಂದರೆ ಒಲೆಯದು. ಗ್ಯಾಸಿನ ಉರಿ ತಿರುಗಿಸಿದ ಕ್ಷಣ ಇಳಿಯುತ್ತದೆ, ಕಾಯಿಲ್ ಒಲೆ ನಿಮಿಷಗಟ್ಟಲೆ ಕೆಂಡದಂತಿರುತ್ತದೆ. ಅಷ್ಟರಲ್ಲಿ ತಳ ಸೀಯುವ ಭಯಕ್ಕೆ ನೀವು ಬೇಗ ತೊಳಸಿಬಿಡುತ್ತೀರಿ. ಬೇಗ ತೊಳಸಿದರೆ ಹಿಟ್ಟಿನ ಉಂಡೆಯ ಹೊರಮೈ ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗೆ ನೀರು ಇಳಿಯದು. ಗಂಟು ಎಂದರೆ ಅಷ್ಟೇ. ಮುರಿದು ನೋಡಿ, ನಡುವೆ ಒಣ ಹಿಟ್ಟೇ ಇರುತ್ತದೆ.

ಎರಡು ಒಲೆ ಬಳಸಿ. ಒಂದು ಜೋರು, ಪಕ್ಕದ್ದು ಮೊದಲೇ ಸಣ್ಣ ಕಾವಿನಲ್ಲಿರಲಿ. 1 ಕಪ್ ರಾಗಿಹಿಟ್ಟಿಗೆ 2 ಕಪ್ ನೀರು ಅಳೆದು, ಅದರಲ್ಲಿ ಕಾಲು ಕಪ್ ತಣ್ಣೀರಿಗೆ ಒಂದು ದೊಡ್ಡ ಚಮಚ ಹಿಟ್ಟು ಕದಡಿ ಇಟ್ಟುಕೊಳ್ಳಿ. ಮಿಕ್ಕ ನೀರು ಕಾಲು ಚಮಚ ಉಪ್ಪಿನೊಂದಿಗೆ ಕುದಿಯುವಾಗ ಕದಡಿದ್ದನ್ನು ಹೊಯ್ದು, ಅಂಬಲಿ ನೊರೆಯೆದ್ದು ಮೇಲೆ ಬರುವ ತನಕ ಕಾಯಿರಿ. ಈಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ, ಪಾತ್ರೆಯನ್ನು ಪಕ್ಕದ ಒಲೆಗೆ ಸರಿಸಿ. ಮುಚ್ಚಿ 5 ನಿಮಿಷ. ಕೈ ತಡೆದುಕೊಳ್ಳಬೇಕಾದ ಹೊತ್ತು ಇದೇ. ತೂತಿನಿಂದ ಗುಳುಗುಳು ಎಂದು ಕುದಿ ಮೇಲೆ ಬರುತ್ತಿರಬೇಕು. ಆಮೇಲೆ ಪಾತ್ರೆ ಇಳಿಸಿ, ಗಟ್ಟಿಯಾಗಿ ಹಿಡಿದು, ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಿ. ಒಣ ಹಿಟ್ಟು ಕಂಡರೆ ಬಿಸಿನೀರು ಚಿಮುಕಿಸಿ. ಮತ್ತೆ ಮುಚ್ಚಿ 2 ನಿಮಿಷ ಸಣ್ಣ ಕಾವು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಒದ್ದೆ ತಟ್ಟೆಯ ಮೇಲೆ ಉರುಳಿಸಿ, ಎರಡು ಮುದ್ದೆ ಬರುತ್ತದೆ.

ಕೋಲಿಗೆ ಬದಲು ಗಟ್ಟಿ ಮರದ ಸೌಟನ್ನು ತಿರುಗಿಸಿ ಹಿಡಿಯ ಕಡೆಯಿಂದ ತೊಳಸಬಹುದು. ನಾನ್‌ಸ್ಟಿಕ್ ಪಾತ್ರೆ ಬೇಡ, ಒತ್ತಿದರೆ ಅದು ಜಾರುತ್ತದೆ, ಲೇಪವೂ ಹಾಳು. ಹಿಟ್ಟು ತರಿಯಾಗಿದ್ದರೆ ಇನ್ನೂ ಕಾಲು ಕಪ್ ನೀರು ಹೆಚ್ಚಿಸಿ.

ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಮೂರು ಬೇರೆ ಬೇರೆ ರೆಸಿಪಿ ನೋಡಿದರೂ ಅಷ್ಟೇ. – ವಿಜಯಪುರದವರು, ಈಗ ಮೈಸೂರು

ಮೂರೂ ರೆಸಿಪಿ ನಿರಪರಾಧಿಗಳು. ಅಂಗಡಿ ಪೊಟ್ಟಣದ ಮೇಲಿನ ತಾರೀಖು ನೋಡಿ. ಜೋಳದ ಹಿಟ್ಟು ಹಳೆಯದಾದಷ್ಟೂ ಜಿಗುಟು ಕಳೆದುಕೊಳ್ಳುತ್ತದೆ. ಗಿರಣಿಯಲ್ಲಿ ಬೀಸಿಸಿ ವಾರ, ಹತ್ತು ದಿನದೊಳಗೆ ಮುಗಿಸುವಷ್ಟೇ ತನ್ನಿ. ನೀರು ಬಿಸಿಯಾದರೆ ಸಾಲದು, ಮರಳಬೇಕು. ಆ ಬಿಸಿಗೆ ಹಿಟ್ಟು ಸ್ವಲ್ಪ ಬೆಂದಾಗಲೇ ಅಂಟು ಹುಟ್ಟುವುದು. ಒಂದೊಂದು ರೊಟ್ಟಿಗೂ ಆಗಿಂದಾಗ್ಗೆ ನಾದಿಕೊಳ್ಳಿ, ಒಟ್ಟಿಗೆ ನಾದಿಟ್ಟ ಹಿಟ್ಟು ಕೊನೆಯ ರೊಟ್ಟಿಯ ಹೊತ್ತಿಗೆ ಬಿರಿಯುತ್ತದೆ.

ನಾಲ್ಕು ಜನರ ರೆಸಿಪಿಯನ್ನು ಹನ್ನೆರಡು ಜನಕ್ಕೆ ಮಾಡುವಾಗ ಎಲ್ಲವನ್ನೂ ಮೂರು ಪಟ್ಟು ಮಾಡಬೇಕೇ? – ಶಿವಮೊಗ್ಗ

ಅಕ್ಕಿ, ಬೇಳೆ, ತರಕಾರಿ, ಉಪ್ಪು ಮೂರು ಪಟ್ಟು. ನೀರು ಎರಡೂವರೆ ಪಟ್ಟಿನಿಂದ ಶುರು ಮಾಡಿ. ಆವಿಯಾಗುವುದು ಪಾತ್ರೆಯ ಬಾಯಗಲದ ಲೆಕ್ಕದಲ್ಲಿ, ಅಡುಗೆಯ ತೂಕದ ಲೆಕ್ಕದಲ್ಲಲ್ಲ. ಲವಂಗ, ಚಕ್ಕೆ, ಹಸಿಮೆಣಸಿನಕಾಯಿ ಎರಡೂವರೆ ಪಟ್ಟು ಹಾಕಿ ರುಚಿ ನೋಡಿ. ಒಗ್ಗರಣೆ ಎಣ್ಣೆ ಎರಡು ಪಟ್ಟು ಸಾಕು. ಈರುಳ್ಳಿಯನ್ನು ಮಾತ್ರ ಒಂದೇ ಬಾಣಲೆಗೆ ತುಂಬಬೇಡಿ, ಬಿಟ್ಟ ನೀರಿನಲ್ಲೇ ಬೆಂದು ಬೆಳ್ಳಗೆ ಉಳಿಯುತ್ತದೆ.

‘15 ನಿಮಿಷದ ಪಲಾವು’ ನನಗೆ ಯಾವಾಗಲೂ 45 ನಿಮಿಷ. ನಾನು ನಿಧಾನವೇ? – ಉಡುಪಿ

ಅಲ್ಲ. ಎರಡು ಮಧ್ಯಮ ಈರುಳ್ಳಿ ಮಧ್ಯಮ ಉರಿಯಲ್ಲಿ ಹೊಂಬಣ್ಣಕ್ಕೆ ಬರಲೇ 12ರಿಂದ 15 ನಿಮಿಷ ಬೇಕು. ಅಕ್ಕಿ ನೆನೆಯುವುದು, ತರಕಾರಿ ಹೆಚ್ಚುವುದು, ಕುಕ್ಕರ್ ಆರುವುದು ಬೇರೆ. ‘3 ನಿಮಿಷದಲ್ಲಿ ಕೆಂಪಗೆ ಹುರಿದುಕೊಳ್ಳಿ’ ಎಂದು ಬರೆದವರು ಗಡಿಯಾರ ನೋಡಿಲ್ಲ. ಹೊತ್ತಿನ 2 ಅಂಕವನ್ನು ಕಣ್ಣುಮುಚ್ಚಿ ಕಿತ್ತುಕೊಳ್ಳಿ.

ಉಪ್ಪು ಜಾಸ್ತಿಯಾದ ಸಾರಿಗೆ ಆಲೂಗಡ್ಡೆ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಗೆ ಎಷ್ಟು ಅಂಕ? – ದಾವಣಗೆರೆ

ಸೊನ್ನೆ. ಆಲೂಗಡ್ಡೆ ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ. ಸಾರನ್ನೇ ಹೀರುತ್ತದೆ, ಮಿಕ್ಕ ಸಾರು ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ಬೇಳೆ ಅರ್ಧ ಕಪ್, ಬಿಸಿನೀರು ಒಂದು ಕಪ್, ಅದಕ್ಕೆ ತಕ್ಕ ಹುಳಿ, ಪುಡಿ ಸೇರಿಸಿ ಒಂದು ಕುದಿ ಬರಿಸಿ. ಹಾಕಿದ ಆಲೂಗಡ್ಡೆ ಎಸೆಯಬೇಡಿ, ಅನ್ನದ ಜೊತೆ ಕಿವುಚಿಕೊಂಡು ತುಪ್ಪ ಹಾಕಿದರೆ ಚೆನ್ನಾಗಿರುತ್ತದೆ.