ಬಂಗಾರ ವಾಕ್ಯ ಬಾಯಿಗೆ ಬಂತು, ಪ್ರಾರ್ಥನೆ ಬರಲಿಲ್ಲ

ಪ್ರಶ್ನೆ: ಮಂಜೇಶ್ವರ ಕಡೆಯ ನಮ್ಮ ಸಭೆಯ ಭಾನುವಾರ ಶಾಲೆಗೆ 4ರಿಂದ 13 ವರ್ಷದ ಹದಿನೈದು ಮಕ್ಕಳು ಬರುತ್ತಾರೆ. ಇರುವುದು ಒಂದೇ ಕೋಣೆ, ಇಬ್ಬರು ಟೀಚರ್‌ಗಳು. ಬೈಬಲ್ ಕ್ವಿಜ್‌ನಲ್ಲಿ ಬಹುಮಾನ ತರುವ ಮಕ್ಕಳೇ, ಸ್ವಂತವಾಗಿ ಒಂದು ಮಾತು ಪ್ರಾರ್ಥಿಸು ಎಂದರೆ ತಲೆ ತಗ್ಗಿಸುತ್ತಾರೆ. ಮನೆಮಾತು ತುಳು, ಶಾಲೆಯಲ್ಲಿ ಮಲಯಾಳಂ. ಕೆಲವರಿಗೆ ಕನ್ನಡ ಅಕ್ಷರವೇ ಬಾರದು. ಏನು ಮಾಡಬಹುದು?

ಉತ್ತರ: ಮೊದಲು ಮಾಡಬೇಕಾದದ್ದು, ತುಳುವಿನಲ್ಲೇ ಪ್ರಾರ್ಥಿಸಲು ಬಿಡುವುದು. ಪ್ರಾರ್ಥನೆ ಎಂದರೆ ದೊಡ್ಡವರ ಪುಸ್ತಕದ ಕನ್ನಡ ಎಂದು ಮಗು ತಿಳಿದುಕೊಂಡಿದೆ. ಆ ಕನ್ನಡ ಬಾರದ್ದಕ್ಕೆ ಸುಮ್ಮನಾಗುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಬೈಬಲಿನ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಮಂಗಳೂರಿನಲ್ಲಿ 1847ರಲ್ಲೇ ಅಚ್ಚು ಹಾಕಿದ್ದರು. ತುಳುವಿನಲ್ಲಿ ದೇವರ ಜೊತೆ ಮಾತಾಡಿದರೆ ಸಭೆಯ ಮರ್ಯಾದೆಗೇನೂ ಕುಂದಿಲ್ಲ.

ಇನ್ನು ಬಂಗಾರ ವಾಕ್ಯ, ಅಂದರೆ ಮಕ್ಕಳಿಂದ ಬಾಯಿಪಾಠ ಮಾಡಿಸುವ ಬೈಬಲ್ ವಚನ. ಪೆನ್ಸಿಲ್ ಬಾಕ್ಸಿಗಾಗಿ ಕಲಿತ ವಾಕ್ಯ, ಪೆನ್ಸಿಲ್ ಬಾಕ್ಸ್ ಕೈಗೆ ಬಂದ ದಿನವೇ ಮರೆತುಹೋಗುತ್ತದೆ. ಕ್ವಿಜ್ ವರ್ಷಕ್ಕೊಮ್ಮೆ ಇರಲಿ, ವಾಕ್ಯ ತಿಂಗಳಿಗೊಂದು ಸಾಕು. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಎಂಬುದನ್ನೇ ನೋಡಿ. 'ಪಡೆನು' ಹಳೆಯ ನಿಷೇಧ ರೂಪ. ಇಂದಿನ ಮಗುವಿನ ಕಿವಿಗೆ ಅದು 'ಪಡೆಯುತ್ತೇನೆ' ಎಂದೇ ಕೇಳೀತು, ಅರ್ಥ ಪೂರ್ತಿ ತಿರುಗಿಬಿಡುತ್ತದೆ. 'ನನಗೆ ಯಾವುದೂ ಕಮ್ಮಿ ಆಗುವುದಿಲ್ಲ' ಎಂದು ಬಿಡಿಸಿ ಹೇಳಿ, ಆಮೇಲೆ ಬಾಯಿಪಾಠ ಮಾಡಿಸಿ. ಇಷ್ಟು ಮಳೆಯ ನಮ್ಮ ಊರಲ್ಲಿ ಕುರಿಮಂದೆ ಕಂಡ ಮಕ್ಕಳೂ ಅಪರೂಪ. ಆಡು ಮೇಯಿಸುವವರಿಂದ ಶುರುಮಾಡಿ.

ಕನ್ನಡ ಓದಲಾಗದವರಿಗೆ ವಾಕ್ಯವನ್ನು ಮಲಯಾಳಂ ಲಿಪಿಯಲ್ಲಿ ಬರೆದುಕೊಡಬಹುದು. ಒಂದು ತೊಡಕಿದೆ: ಎರಡು ಸ್ವರಗಳ ನಡುವಿನ 'ಕ'ವನ್ನು ಮಲಯಾಳಂ ಅಭ್ಯಾಸದ ನಾಲಗೆ ಸುಮಾರು 'ಗ' ಮಾಡುತ್ತದೆ. 'ಪರಲೋಕದಲ್ಲಿರುವ' ಎಂಬುದು 'ಪರಲೋಗ' ಆಗುತ್ತದೆ. ಅಂಥ ಅಕ್ಷರಕ್ಕೆ ಕೆಂಪು ಪೆನ್ನಿನಿಂದ ಗೆರೆ ಎಳೆದು, ಎರಡು ಸಲ ನೀವು ಹೇಳಿ ಕೇಳಿಸಿ. ಎಲ್ಲರ ಮುಂದೆ ತಿದ್ದಬೇಡಿ.

ತರಗತಿಯ ಒಂದು ಗಂಟೆಯಲ್ಲಿ ಕಥೆ ಹದಿನೈದು ನಿಮಿಷ ಮೀರದಿರಲಿ. ನಾಲ್ಕೈದು ವರ್ಷದವರು ಅದಕ್ಕೂ ಮೊದಲೇ ಕದಲುತ್ತಾರೆ, ಅವರಿಗೆ ಕೈಗೆ ಏನಾದರೂ ಬೇಕು. ಲೂಕನ ಸುವಾರ್ತೆ 15ರಲ್ಲಿ, ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸೊಬ್ಬಳು ದೀಪ ಹಚ್ಚಿ, ಗುಡಿಸಿ ಹುಡುಕುವ ಕಥೆ ಇದೆ. ಅದಕ್ಕೆ ಬೇಕಾದದ್ದು ಒಂದು ರೂಪಾಯಿಯ ಹತ್ತು ನಾಣ್ಯ, ಒಂದು ದೀಪ, ಒಂದು ಹಿಡಿಸೂಡಿ. ಮಕ್ಕಳಿಂದಲೇ ಒಂಬತ್ತರವರೆಗೆ ಎಣಿಸಿ, ಹತ್ತನೆಯದು ಇಲ್ಲ ಎನ್ನಿ. ಕಿಟಕಿ ಮುಚ್ಚಿ, ದೀಪ ಹಚ್ಚಿ. ಸಣ್ಣವರು ಗುಡಿಸಿ ಹುಡುಕಲಿ. (ದೀಪ ದೊಡ್ಡ ಮಗುವಿನ ಕೈಯಲ್ಲಿರಲಿ, ಸೂಡಿಯಿಂದ ದೂರ.) ಸಿಕ್ಕಿದ ಮೇಲೆ 'ಇದರ ನೀತಿ ಏನು?' ಎಂದು ಕೇಳಿದಿರೋ, ಕಥೆ ಅಲ್ಲಿಗೆ ಮುಗಿಯಿತು. ಮಕ್ಕಳು ನಿಮಗೆ ಬೇಕಾದ ಉತ್ತರ ಒಪ್ಪಿಸುತ್ತಾರೆ. 'ನಾಣ್ಯ ಮೂಲೆಯಲ್ಲಿದ್ದಾಗ ಆ ಹೆಂಗಸಿಗೆ ಹೇಗನಿಸಿರಬಹುದು?' ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ಬಿಡಬೇಡಿ. ಟೀಚರ್‌ಗಳಿಗೆ ಅತಿ ಕಷ್ಟ ಅದೇ. ಬಳಿಕ ಇಬ್ಬರೂ ಮಕ್ಕಳನ್ನು ಹಂಚಿಕೊಳ್ಳಿ: ಏಳರ ಕೆಳಗಿನವರು ಚಿತ್ರ ಬಿಡಿಸಲಿ, ಮೇಲಿನವರು ಮಾತಾಡಲಿ. ಕೊನೆಗೆ ಒಬ್ಬೊಬ್ಬರಿಗೆ ಒಂದೇ ಮಾತಿನ ಪ್ರಾರ್ಥನೆ. ಬೇಡ ಎಂದವರನ್ನು ಬಿಟ್ಟು ಮುಂದೆ ಹೋಗಿ.

ಸಣ್ಣವರಿಗೆ ರೂಪಕ ತಿಳಿಯದು ಎಂಬುದೂ ನೆನಪಿರಲಿ. 'ಯೇಸು ನಿನ್ನ ಹೃದಯದೊಳಗೆ ಇದ್ದಾರೆ' ಎಂದರೆ ಐದು ವರ್ಷದ ಮಗುವಿನ ಚಿಂತೆ, ಅಷ್ಟು ದೊಡ್ಡವರು ಒಳಗೆ ಹೇಗೆ ಹಿಡಿಸಿದರು ಎಂದು. 'ನಿನ್ನ ಜೊತೆ ಇದ್ದಾರೆ' ಎಂದರೆ ಸಾಕು.

ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಕಲಿಸುವ ಕೆಲಸವನ್ನು ಹೊರಿಸುವುದು ಮನೆಯವರ ಮೇಲೆ: ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಭಾನುವಾರ ಶಾಲೆ ಒಂದೂ ತಪ್ಪದಿದ್ದರೂ ವರ್ಷಕ್ಕೆ 52 ಗಂಟೆ. ಮನೆಯ ಸಂಜೆ ಪ್ರಾರ್ಥನೆ ದಿನಕ್ಕೆ 10 ನಿಮಿಷವಾದರೂ 60 ಗಂಟೆ ದಾಟುತ್ತದೆ. ಆ ಹತ್ತು ನಿಮಿಷವನ್ನು ಅಪ್ಪನೊಬ್ಬನೇ ತಿಂದುಹಾಕಬಾರದು, ಅಷ್ಟೇ.

ಪ್ರಶ್ನೆ: ಎಂಟು ವರ್ಷದ ಮಗಳು ಅಜ್ಜಿ ಗುಣವಾಗಲಿ ಎಂದು ದಿನಾ ಪ್ರಾರ್ಥಿಸಿದಳು. ಅಜ್ಜಿ ತೀರಿಕೊಂಡರು. 'ದೇವರು ಕೇಳಲಿಲ್ಲ' ಎಂದು ಈಗ ಪ್ರಾರ್ಥನೆಗೇ ಕೂರುವುದಿಲ್ಲ.

ಉತ್ತರ: ಒತ್ತಾಯಿಸಬೇಡಿ. 'ದೇವರಿಗೆ ಅಜ್ಜಿ ಬೇಕಾಯಿತು, ಕರೆಸಿಕೊಂಡರು' ಎಂದರೆ ನಾಳೆ ಅಮ್ಮನನ್ನೂ ಕರೆಸಿಕೊಂಡಾರು ಎಂಬ ಭಯ ಹುಟ್ಟುತ್ತದೆ. 'ಅಜ್ಜಿ ನಿದ್ದೆ ಮಾಡಿದ್ದಾರೆ' ಎಂದರೆ ರಾತ್ರಿ ಮಲಗಲು ಹೆದರುತ್ತಾಳೆ. 'ಅಜ್ಜಿ ಸತ್ತರು, ಅವರ ದೇಹ ಕೆಲಸ ನಿಲ್ಲಿಸಿತು, ನಮಗೂ ದುಃಖ ಆಗಿದೆ' ಎಂದು ನೇರ ಹೇಳಿ. ನೀನು ಸರಿಯಾಗಿ ಪ್ರಾರ್ಥಿಸಲಿಲ್ಲ ಎಂಬ ಸೂಚನೆ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ. ನೆಂಟರಿಗೂ ಮೊದಲೇ ಹೇಳಿಡಿ.

ಅವಳ ಸಿಟ್ಟಿಗೆ ಬೈಬಲಿನಲ್ಲೇ ಜಾಗ ಇದೆ. ಆರೇ ವಚನಗಳ 13ನೇ ಕೀರ್ತನೆ 'ಎಷ್ಟರವರೆಗೆ?' ಎಂದು ದೇವರನ್ನು ನಾಲ್ಕು ಸಲ ಕೇಳುತ್ತದೆ. ತೀರಿಕೊಂಡ ಸ್ನೇಹಿತ ಲಾಜರನ ಸಮಾಧಿಗೆ ಹೋಗುತ್ತಾ ಯೇಸುಸ್ವಾಮಿ ಅತ್ತರು. ತಮ್ಮ ಮರಣದ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅವರೇ ಬೇಡಿದರೂ ಆ ಸಂಕಟದ ಪಾತ್ರೆ ತೊಲಗಲಿಲ್ಲ. ಇದನ್ನು ವಿವರಣೆ ಇಲ್ಲದೆ ಓದಿ. ಸಂಜೆ ಅವಳು ಪಕ್ಕದ ಕೋಣೆಯಲ್ಲಿ ಕೂತಿದ್ದರೆ ಕೂತಿರಲಿ, ಬಾಗಿಲು ತೆರೆದಿರಲಿ. ಸಮಾಧಿಗೆ ಹೂವಿಡಲು ಹೋಗುವಾಗ ಬರುತ್ತೀಯಾ ಎಂದು ಕೇಳಿ.

ಪ್ರಶ್ನೆ: ರಜೆಯಲ್ಲಿ ನಡೆಸುವ ಮಕ್ಕಳ ಬೈಬಲ್ ಶಾಲೆಗೆ (ವಿಬಿಎಸ್) ಬೇರೆ ಧರ್ಮದ ನೆರೆಮನೆ ಮಕ್ಕಳೂ ಬರುತ್ತೇವೆ ಎನ್ನುತ್ತಾರೆ.

ಉತ್ತರ: ಏನು ಕಲಿಸುತ್ತೀರಿ ಎಂದು ತಂದೆತಾಯಿಗೆ ಮೊದಲೇ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. 'ಯಾರು ಯೇಸುವನ್ನು ಒಪ್ಪುತ್ತೀರಿ, ಕೈ ಎತ್ತಿ' ಎಂಬುದು ಬೇಡವೇ ಬೇಡ, ಸಭೆಯ ಮಕ್ಕಳಿಗೂ ಬೇಡ: ಪಕ್ಕದವನು ಎತ್ತಿದ ಎಂದು ಇವನೂ ಎತ್ತುತ್ತಾನೆ. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಮುಚ್ಚಿದ ಕೋಣೆಯಲ್ಲಿರಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಭೆಯೊಳಗೆ ರಾಜಿ ಮಾಡಿ ಮುಗಿಸುವ ವಿಷಯ ಅದಲ್ಲ.